ಎರಡನೆಯ ಬೆರಳಿನ ಪಟ್ಟಿ

ಜುಲೈ 2, ಬುಧವಾರ

ಸಾರು, ಹುಳಿ, ಗೋಧಿ ಪಾಯಸ. ಹುಳಿಗೆ ಹುಣಸೆ ತುಸು ಹೆಚ್ಚಾಯಿತು. ಮಠದಲ್ಲಿ ಉಂಡವರು ಯಾರೂ ಅದನ್ನು ಎತ್ತಲಿಲ್ಲ. ನನಗೆ ಗೊತ್ತಾಯಿತು, ಅಷ್ಟೇ ಸಾಕು ದಿನ ಹಾಳಾಗಲು.

ಕಾಲಿನ ಗಾಯ ಹಾಗೇ ಇದೆ. ಬಲಗಾಲು, ಎರಡನೆಯ ಬೆರಳು. ಮಠದ ಒಲೆಯಿಂದ ಕೆಂಡ ಸಿಡಿದು ಬೆರಳ ಮೇಲೆ ಕೂತಿತ್ತು. ಶುಗರ್ ಬಂದಾಗಿನಿಂದ ಪಾದ ಜೋಮು, ಗೊತ್ತೇ ಆಗಿರಲಿಲ್ಲ. "ಏನೋ ಸುಟ್ಟ ವಾಸನಿ ಬರ್ಲಿಕ್ಕತ್ತದಲ್ಲ, ರಘೂತ್ತಮಾ" ಎಂದು ಪ್ರಹ್ಲಾದಾಚಾರ್ರು ಮೂಗು ಹಿಡಿದರು. ಮಠದ ವ್ಯವಸ್ಥಾಪಕರು, ಮೂಗು ಬಹಳ ಚುರುಕು. ಪಾಯಸ ತಳ ಹತ್ತಿತೇನೋ ಎಂದು ಓಡಿದೆ. ವಾಸನೆ ನನ್ನದೇ.

ಬೆಳಿಗ್ಗೆ ಸ್ನಾನಕ್ಕೆ ಮೊದಲು ಪಟ್ಟಿ ಬಿಚ್ಚುತ್ತೇನೆ. ಮಧ್ಯಾಹ್ನ ಮನೆಗೆ ಬಂದು ಮತ್ತೆ ಕಟ್ಟಿಕೊಳ್ಳುತ್ತೇನೆ. ಪಟ್ಟಿ ಕಟ್ಟಿದ ಕಾಲಿಗೆ ಮಡಿ ಎಲ್ಲಿಂದ ಬಂತು? ದೇವರ ನೈವೇದ್ಯ. ಹೋಟೆಲಿನ ಉಪ್ಪಿಟ್ಟಲ್ಲ.

ಜುಲೈ 5, ಶನಿವಾರ

ಡ್ರೆಸಿಂಗ್‌ಗೆ ಹೋಗಿದ್ದೆ. ಡಾಕ್ಟರ್ ಭೀಮೇಶ, ಡೋಣಿ ಊರಿನ ಕಡೆಯವರು. ವಯಸ್ಸು ಸಣ್ಣದು, ಸಿಟ್ಟು ಮಾತ್ರ ದೊಡ್ಡದು. ಗೋಡೆಯ ಕ್ಯಾಲೆಂಡರ್ ನೋಡಿ ಕಣ್ಣು ಬಿಟ್ಟರು.

"ನಾಳೆ ಏಕಾದಶಿ ಐತಿ. ಇನ್ಸುಲಿನ್ ತಗೊಂಡು ಉಪಾಸ ಇದ್ರ ಅಲ್ಲೇ ಬೀಳ್ತೀರಿ ಆಚಾರ್ರ. ಏನರ ತಿನ್ರಿ."

ಒಪ್ಪಿದೆ. ಮುಂಜಿಯಾದ ಮೇಲೆ ಒಂದು ಏಕಾದಶಿಯ ಉಪವಾಸವನ್ನೂ ಬಿಟ್ಟಿರಲಿಲ್ಲ. ಒಪ್ಪಿಬಿಟ್ಟೆ.

ಪಟ್ಟಿ ಬಿಚ್ಚುತ್ತಿದ್ದ ನರ್ಸ್ ಸಬೀನಾ ತಲೆ ಓರೆ ಮಾಡಿ ಕೇಳಿದಳು. "ಅಜ್ಜಾರ, ಇದು ನಾ ಕಟ್ಟಿದ್ದ ಹೌದೋ ಅಲ್ಲೋ? ಗಂಟು ಬ್ಯಾರೆ ಕಾಣಾಕತ್ತೈತಿ."

"ಸಡಿಲಾಗಿತ್ತು, ಬಿಗದೀನಿ" ಎಂದೆ. ಸುಳ್ಳೇನಲ್ಲ. ಪೂರ್ತಿ ಖರೆಯೂ ಅಲ್ಲ. ಐವತ್ತೆಂಟಕ್ಕೇ ನನ್ನನ್ನು ಅಜ್ಜ ಮಾಡಿದ್ದಾಳೆ, ಅದಕ್ಕಿಷ್ಟು ಸಾಕು.

ಜುಲೈ 6

ತಿಂದೆ. ಅವಲಕ್ಕಿ. ದೇವರ ಮುಖ ನೋಡಲಿಲ್ಲ ಇವತ್ತು.

ಜುಲೈ 12, ಶನಿವಾರ

ಗದಗಿಗೆ ಹೋಗಿ ಕಾಲಿನ ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಮಾಡಿಸಿಕೊಂಡು ಬಂದೆ. ಬಸ್ಸಿನಲ್ಲಿ ನಿಂತೇ ಹೋದೆ. ರಿಪೋರ್ಟ್ ನೋಡಿ ಭೀಮೇಶರು ಖುಷಿಯಾಗುವುದರ ಬದಲು ಹಣೆ ಗಂಟಿಕ್ಕಿದರು. ದೊಡ್ಡ ರಕ್ತನಾಳ ಸರಿಯಾಗಿದೆ. ಶುಗರ್ ಇಳಿದಿದೆ. ಕೀವಿಲ್ಲ. ಆದರೂ ಗಾಯ ಮಾಯುತ್ತಿಲ್ಲ.

"ದೊಡ್ಡ ರಸ್ತಾ ಛಲೋ ಐತ್ರಿ. ಗಾಯದೊಳಗ ಸಣ್ಣ ಸಣ್ಣ ನಾಳ ಹೊಸದಾಗಿ ಹುಟ್ಟಬೇಕು. ಅವು ಹುಟ್ಟವಲ್ವು."

ಯಾಕೆ ಎಂದು ಕೇಳಿದೆ. ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದರು. ಗಾಯವಾದರೆ ರಕ್ತದ ಬಿಳಿ ಕಣಗಳು ಬರುತ್ತವಂತೆ. ಮೊದಲು ರೋಗಾಣು ಕೊಲ್ಲುವುದು, ಸತ್ತದ್ದನ್ನು ತಿಂದು ಸ್ವಚ್ಛ ಮಾಡುವುದು. ಅದು ಮುಗಿದ ಮೇಲೆ ಅವೇ ಕಣಗಳು ಸ್ವಭಾವ ಬದಲಿಸಬೇಕು. ಶಾಂತವಾಗಿ ಹೊಸ ನಾಳಗಳನ್ನು ಕರೆಯಬೇಕು, ಕಟ್ಟಿಸಬೇಕು. ಸಕ್ಕರೆ ರೋಗದವರಲ್ಲಿ ಅವು ಹಾಗೆ ಬದಲಾಗಲು ತಡ ಮಾಡುತ್ತವೆ. ಮೊದಲಿನ ಕೆಲಸದಲ್ಲೇ ಸಿಕ್ಕಿಕೊಳ್ಳುತ್ತವೆ.

ನಾನು ನನ್ನ ಭಾಷೆಯಲ್ಲಿ ತಿಳಿದುಕೊಂಡೆ. ಪಾತ್ರೆ ತಿಕ್ಕುವವರು ತಿಕ್ಕುತ್ತಲೇ ಕೂತಿದ್ದಾರೆ, ಒಲೆ ಹಚ್ಚುವವರೇ ಇಲ್ಲ. ಹೇಳಿದರೆ ಡಾಕ್ಟರ್ ನಕ್ಕರು. ನಕ್ಕ ಮೇಲೆ ಹೇಳಬೇಕಾದ್ದು ಹೇಳಿದರು.

"ಹಿಂಗ ಇದ್ರ ಎಲುಬಿಗೆ ಇಳೀತೈತ್ರಿ. ಮುಂದಿನ ವಾರ ನೋಡೋಣು. ಕೆಂಪು ಕಾಣಲಿಲ್ಲಂದ್ರ ಬೆರಳು ತಗೀಬೇಕಾಗ್ತೈತಿ. ಬೆರಳು ಉಳಸಾಕ ಹೋಗಿ ಪಾದ ಕಳಕೊಳ್ಳೂದು ಬ್ಯಾಡ."

ಬೆರಳು. ಹೊಲ ಉಳುವವನಾಗಿದ್ದರೆ ಒಂದು ಬೆರಳಷ್ಟೇ ಎನ್ನಬಹುದಿತ್ತು. ನಮ್ಮ ಮಠದಲ್ಲಿ ಅಂಗಹೀನ ದೇವರ ಅಡಿಗೆ ಮಾಡುವಂತಿಲ್ಲ. ಪ್ರಹ್ಲಾದಾಚಾರ್ರು ಇಂಥದ್ದರಲ್ಲಿ ಕೂದಲೆಳೆಯಷ್ಟೂ ಬಿಡುವವರಲ್ಲ. ಹೆದರಿಕೆಯಾಗಿದೆ. ಸಾವಿನದಲ್ಲ. ಬೆಳಿಗ್ಗೆ ಎದ್ದು ಹೋಗಲು ಜಾಗವಿಲ್ಲದೆ ಹೋಗುವುದರದು.

ಜುಲೈ 14

ಇನ್ನೂ ಬಿಗಿಯಾಗಿ ಮಡಿ ಹಿಡಿದಿದ್ದೇನೆ. ಬೆರಳು ದೇವರೇ ಉಳಿಸಬೇಕು. ಅವನ ಅಡಿಗೆಯಲ್ಲಿ ಲೋಪವಾಗಬಾರದು. ಪಟ್ಟಿ ಒಣಗಿ ಅಂಟಿತ್ತು. ಜೋರಾಗಿ ಎಳೆದೆ, ಬಂತು. ಒಳಗಿನ ಗಾಜ್ ಬಟ್ಟೆಯ ಮೇಲೆ ಕೆಂಪು ಚೂರುಗಳಿದ್ದವು. ಹೊಲಸು ಹೋಯಿತು, ಒಳ್ಳೆಯದೇ ಆಯಿತು ಎಂದುಕೊಂಡೆ.

ಜುಲೈ 19, ಶನಿವಾರ. ಸಂಜೆ

ಪದ್ಮಾ ಜೊತೆಗೆ ಬಂದಿದ್ದಳು. ಹೆಂಡತಿ ಬಂದರೆ ಡಾಕ್ಟರ್ ಮೆತ್ತಗೆ ಮಾತಾಡುತ್ತಾರೆಂದು ನಾನೇ ಕರೆದೆ. ಗಾಯ ಹಾಗೇ. ಅಂಚು ಬಿಳಿಚಿಕೊಂಡಿದೆ. ಭೀಮೇಶರು ಆಪರೇಷನ್ ದಿನ ನೋಡಲು ಫೋನ್ ತೆಗೆದರು.

ಪದ್ಮಾ ಒಳ್ಳೆಯ ಸುದ್ದಿ ಹೇಳುವವಳಂತೆ ಹೇಳಿದಳು. "ಮೊದಲಿನಕಿಂತ ಆರಾಮ ಅದ ಅನಸ್ತದ್ರಿ ಡಾಕ್ಟರ್. ದಿನಾ ಬೆಳಿಗ್ಗೆ ಸ್ನಾನದ ಮುಂದ ಪಟ್ಟಿ ಪರ್ರಂತ ಎಳೀತಾರ, ಒಂಚೂರೂ ನೋವಂತ ಅನ್ನೂದಿಲ್ಲ."

ಫೋನ್ ಕೆಳಗಿಟ್ಟರು. "ದಿನಾ?"

"ಹೌದ್ರಿ. ಮಡಿಗೆ ಬಿಚ್ಚಲೇಬೇಕಲ್ಲ."

ಸಬೀನಾ ನನ್ನ ಕಡೆ ನೋಡಿದಳು. ನಾನು ಫ್ಯಾನ್ ನೋಡಿದೆ.

"ಆಚಾರ್ರ, ಎಳದಾಗ ಪಟ್ಟಿ ಮ್ಯಾಲ ಕೆಂಪಗ ಏನರ ಬರತಿತ್ತೇನ್ರಿ?"

"ಹೊಲಸು ಬರತಿತ್ರಿ."

"ಅದು ಹೊಲಸಲ್ರೀ!" ಒದರಿದರು. ಹೊರಗೆ ಬೆಂಚಿನ ಮೇಲಿದ್ದವರೆಲ್ಲ ಇಣುಕಿದರು. "ಅದ ಹೊಸಾ ನಾಳ. ನಿಮ್ಮ ಬಿಳಿ ಕಣ ಹೆಂಗೋ ಬದಲಾಗಿ ರಾತ್ರಿಪೂರ್ತಿ ಕಟ್ಟಿದ್ದನ್ನ ನೀವು ಬೆಳಿಗ್ಗೆ ಎದ್ದು ಕಿತ್ತು ಒಗ್ಯಾಕತ್ತೀರಿ. ಅವಕ್ಕ ದಿನಾ ಹೊಸಾ ಗಾಯ. ಮತ್ತ ಮೊದಲಿಂದ ಸ್ವಚ್ಛ ಮಾಡಾಕ ನಿಂದರತಾವ. ಮ್ಯಾಲ ಹಸಿ ನೆಲದಾಗ ತಾಸುಗಟ್ಟಲೆ ನಿಂದರೂದು ಬ್ಯಾರೆ!"

ಪದ್ಮಾ ಅಳಲು ಶುರು ಮಾಡಿದಳು. ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಯಾಕೆ ಬಂತೋ. ಅವಳು ಹೇಳದಿದ್ದರೆ ಈ ವಾರ ಬೆರಳು ಹೋಗುತ್ತಿತ್ತು.

ಆಗಸ್ಟ್ 22ರವರೆಗೆ ಟೈಮು ಕೊಟ್ಟಿದ್ದಾರೆ. ಪಟ್ಟಿ ಸಬೀನಾ ಒಬ್ಬಳೇ ಬಿಚ್ಚಬೇಕು, ಸಲಾಯಿನ್‌ನಲ್ಲಿ ನೆನೆಸಿ. ನೀರು ತಾಗಬಾರದು. ನಿಲ್ಲಬಾರದು. ಅಂದರೆ ಮಡಿ ಇಲ್ಲ. ಮಠದ ಆರಾಧನೆ ಈ ನಡುವೆಯೇ ಬರುತ್ತದೆ.

ಜುಲೈ 28

ಬರೆಯುವ ಮನಸ್ಸೇ ಇರಲಿಲ್ಲ. ಪ್ರಹ್ಲಾದಾಚಾರ್ರಿಗೆ ಹೇಳಿದೆ, ಮಾಯುವ ತನಕ ಬರುವುದಿಲ್ಲ ಎಂದು. "ಆತು, ಬೆರಳು ಉಳೀಲಿ, ಜಾಗಾ ಎಲ್ಲಿ ಹೋಗ್ತದ" ಎಂದರು. ಲಕ್ಷ್ಮೇಶ್ವರದಿಂದ ಒಬ್ಬ ಅಡಿಗೆಯವನನ್ನು ಕರೆಸಿದ್ದಾರೆ. ಒಗ್ಗರಣೆಗೆ ಸಾಸಿವೆ ಸಿಡಿಯುವ ಮೊದಲೇ ಇಂಗು ಹಾಕುತ್ತಾನಂತೆ. ಕೇಳಿ ಸ್ವಲ್ಪ ಸಮಾಧಾನವಾಯಿತು. ನೀಚ ಸಮಾಧಾನ, ಆದರೂ ಸಮಾಧಾನವೇ.

ಪದ್ಮಾಳ ಜೊತೆ ಮಾತು ಬಿಟ್ಟಿದ್ದೆ. ಇವತ್ತು ಚಹಾ ಕೇಳಿದೆ. ಸಕ್ಕರೆ ಇಲ್ಲದ ಚಹಾ ಕೊಟ್ಟಳು, ಮುಖದಲ್ಲೂ ಸಕ್ಕರೆ ಇರಲಿಲ್ಲ.

ಆಗಸ್ಟ್ 11, ಸೋಮವಾರ. ಮಧ್ಯಾರಾಧನೆ

ನಸುಕಿನಲ್ಲಿ ಬಚ್ಚಲಿಗೆ ಹೋದೆ. ಕೈ ತಾನಾಗಿ ಪಟ್ಟಿಯ ತುದಿಗೆ ಹೋಯಿತು. ಇವತ್ತೊಂದು ದಿನ. ಒಂದೇ ಹೊತ್ತು. ಟೇಪು ಅರ್ಧ ಎದ್ದಿತ್ತು.

ಒಳಗೆ ಆ ಬಿಳಿ ಕಣಗಳು ಏನೋ ಕಟ್ಟುತ್ತಿರಬಹುದು ಎನ್ನಿಸಿತು. ನನ್ನವೇ. ಕಾಣದ್ದರ ಮೇಲೆ ನಂಬಿಕೆ ಇಡುವುದನ್ನು ಜೀವನವಿಡೀ ಮಾಡಿದವನು ನಾನು, ಇದೊಂದರ ಮೇಲೆ ಇಡಲಾಗದೇ? ಟೇಪು ಒತ್ತಿ ಅಂಟಿಸಿದೆ. ಕಾಲಿಗೆ ಪ್ಲಾಸ್ಟಿಕ್ ಕಟ್ಟಿ, ಸ್ಟೂಲಿನ ಮೇಲಿಟ್ಟು ನೀರು ಹಾಕಿಕೊಂಡೆ.

ಮಠದಲ್ಲಿ ಹೊರಗಿನ ಪಂಕ್ತಿಯಲ್ಲಿ ಕುರ್ಚಿ ಹಾಕಿಸಿಕೊಂಡು ಉಂಡೆ. ಹುಳಿ ಚೆನ್ನಾಗಿತ್ತು. ಆ ಲಕ್ಷ್ಮೇಶ್ವರದವನದು. ನನಗಿಂತ ಚೆನ್ನಾಗಿತ್ತು ಎಂದು ಬರೆಯಲು ಕೈ ಬರುತ್ತಿಲ್ಲ, ಬರೆದಾಯಿತು.

ಆಗಸ್ಟ್ 22, ಶುಕ್ರವಾರ

ಸಬೀನಾ ಸಲಾಯಿನ್ ಬಿಟ್ಟು ಬಿಟ್ಟು ಗಾಜ್ ಬಟ್ಟೆ ನೆನೆಸಿದಳು. ಹಸುಗೂಸಿನ ಅಂಗಿ ತೆಗೆದಂತೆ ತೆಗೆದಳು. ಗಾಯದ ತುಂಬ ಕೆಂಪು ಹರಳಿನಂಥ ಹೊಸ ಮಾಂಸ. ಅಂಚಿನಲ್ಲಿ ಒಂದು ಹನಿ ರಕ್ತ ಮೂಡಿತು. ಕಾಲು ಹಿಂದಕ್ಕೆ ಎಳೆದುಕೊಂಡೆ.

"ಡಾಕ್ಟರ್, ರಕ್ತ ಬರಾಕತ್ತೈತ್ರಿ" ಎಂದಳು. ಅವಳ ದನಿಯಲ್ಲಿ ನಗು ಇತ್ತು.

ಭೀಮೇಶರು ಬಗ್ಗಿ ಬಹಳ ಹೊತ್ತು ನೋಡಿದರು. "ನಾಳ ಬಂದಾವಂತನ ರಕ್ತ ಬಂದೈತಿ. ಬೆರಳು ಉಳೀತ್ರಿ ಆಚಾರ್ರ." ಎದ್ದು ನಿಂತು ತೋರುಬೆರಳು ಎತ್ತಿ ಎಚ್ಚರಿಸಿದರು. "ಆದ್ರ ಇನ್ನೂ ಎಳೇದೈತಿ. ಪೂರ್ತಿ ಚರ್ಮ ಮುಚ್ಚೂತನಕ ಪಟ್ಟಿ ಬಿಚ್ಚೂದಿಲ್ಲ, ಹಸಿ ನೆಲ ಇಲ್ಲ. ಚೌತಿ ಇಲ್ಲ, ದಸರಾ ಇಲ್ಲ. ಆಮ್ಯಾಲೂ ಬರಿಗಾಲಿಲೆ ಒಲಿ ಮುಂದ ಹೋಗೂದಿಲ್ಲ."

ಅಳು ಬಂತು. ಎಲ್ಲರ ಮುಂದೆ ಅತ್ತೆ. ಪದ್ಮಾ ಸೆರಗು ಕೊಟ್ಟಳು.

ಆಗಸ್ಟ್ 24, ಭಾನುವಾರ

ಪ್ರಹ್ಲಾದಾಚಾರ್ರು ಮನೆಗೇ ಬಂದರು. ಬೆರಳು ಉಳಿದದ್ದು ಕೇಳಿ ಖುಷಿಪಟ್ಟರು, ಖರೆಯಾಗಿಯೇ. ಲಕ್ಷ್ಮೇಶ್ವರದವನು ಕಾಯಂ ಮಾಡಿದರೆ ಇರುತ್ತೇನೆ, ಇಲ್ಲವೆಂದರೆ ಹೊರಡುತ್ತೇನೆ ಎಂದಿದ್ದಾನಂತೆ.

"ಚೌತಿಗೆ ನೀ ಬಂದುಬಿಡೋ. ಪಟ್ಟಿ ಎರಡು ತಾಸು ಬಿಚ್ಚಿಟ್ರ ಏನಾಗ್ತದ? ನಿನಗಂತೂ ನೋವೂ ಆಗೂದಿಲ್ಲ. ನೀ ಹೂಂ ಅಂದ್ರ ಅವನ್ನ ಕಳಿಸಿಬಿಡ್ತೀನಿ."

ಬೆರಳು ಕಳೆದುಕೊಂಡರೆ ಒಲೆ ತಪ್ಪುತ್ತದೆ ಎಂದು ಇಷ್ಟು ದಿನ ಹೆದರಿದೆ. ಈಗ ಬೆರಳು ಉಳಿಸಿಕೊಳ್ಳಬೇಕಾದರೂ ಒಲೆ ಬಿಡಬೇಕು.

"ಆಗೂದಿಲ್ರಿ" ಎಂದೆ.

"ವಿಚಾರ ಮಾಡು. ಒಮ್ಮೆ ಕಾಯಂ ಮಾಡಿದ್ರ ಮತ್ತ ತಗೀಲಿಕ್ಕೆ ಬರೂದಿಲ್ಲ."

"ಅವನ್ನ ಕಾಯಂ ಮಾಡ್ರಿ. ಹುಳಿ ಛಲೋ ಮಾಡ್ತಾನ."

ಹೋಗುವಾಗ ನನ್ನ ಕಾಲಿನ ಕಡೆ ನೋಡಲಿಲ್ಲ.

ಪದ್ಮಾ ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದಾಳೆ. ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ತಂದಿಟ್ಟು, "ಬರ್ರಿ, ಕೂತು ಮೆಂತ್ಯೆ ಸೊಪ್ಪು ಸೋಸ್ರಿ" ಎಂದು ಕರೆಯುತ್ತಿದ್ದಾಳೆ. ಹೋಗಬೇಕು. ನಾಳೆ ನಸುಕಿಗೇ ಎಚ್ಚರವಾಗುತ್ತದೆ, ಅದನ್ನು ತಪ್ಪಿಸಲಾಗುವುದಿಲ್ಲ. ಎದ್ದು ನಾನು ಪಟ್ಟಿಗೆ ಕೈ ಹಚ್ಚದೆ ಆ ಕುರ್ಚಿಗೇ ಬಂದು ಕೂಡಬೇಕು.