ಡ್ರೈವರ್ ತಂದ ಅಂಗಿ

ಮನೆಯಿಂದ,
ಮಾರ್ಚ್ ೯, ಸೋಮವಾರ

ನನ್ನ ಪ್ರೀತಿಯ ಗುಬ್ಬಿಗೆ,

ಹೇಗಿದ್ದೀಯ? ಕತ್ತರಿ ಹಿಡಿದು ಹಿಡಿದು ಅಂಗೈಯಲ್ಲಿ ಬೊಬ್ಬೆ ಎದ್ದಿದೆ ಎಂದಿದ್ದೆಯಲ್ಲ, ವಾಸಿಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ನಾನೂ ಅಮ್ಮನೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕು.

ನಿಮ್ಮ ಗುಂಪನ್ನು ದ್ರಾಕ್ಷಿ ತೋಟದ ಕೆಲಸಕ್ಕೆ ಕರೆದೊಯ್ದ ಲಾರಿ ಡ್ರೈವರ್ ಮೊನ್ನೆ ಬಂದಿದ್ದ. ನೀನು ಕಳಿಸಿದ ಅಂಗಿಯ ಪೊಟ್ಟಣ ಕೊಟ್ಟು, ಬಾಗಿಲ ಕಟ್ಟೆಯ ಮೇಲೆ ಸ್ವಂತ ಮನೆಯವನ ಹಾಗೆ ಕಾಲು ಚಾಚಿ ಕೂತ. ಅಮ್ಮ ಚಹಾ ಕೊಟ್ಟಳು. ಒಂದು ಗುಟುಕು ಕುಡಿದವನೇ, "ಅಕ್ಕ ಈಗ ಸಕ್ಕರೆ ಬಿಟ್ಬಿಟ್ಟಿದ್ದಾರೆ, ಗೊತ್ತಾ?" ಅಂದ. ಸಕ್ಕರೆ ಕಡಿಮೆಯಾಯಿತೆಂದು ಲೋಟ ಪಕ್ಕಕ್ಕಿಡುತ್ತಿದ್ದವಳು ನೀನು. ಬಿಟ್ಟಿದ್ದು ಅವನಿಗೆ ಗೊತ್ತು, ನನಗೆ ಗೊತ್ತಿಲ್ಲ. "ಅಕ್ಕ ಮೇಸ್ತ್ರಿ ಆದ್ಮೇಲೆ ತೋಟದ ಯಜಮಾನನೇ ಹೆದರ್ತಾನೆ" ಎಂದು ನಕ್ಕ. ನಾನೂ ನಕ್ಕೆ, ಹೊಟ್ಟೆ ಮಾತ್ರ ಧಗಧಗ ಉರಿಯಿತು. ಅಂಗಿ ತೊಟ್ಟು ನೋಡಿದರೆ ಹೇಳಿ ಹೊಲಿಸಿದ ಹಾಗೆ ಕೂತಿತು. ಆಗ ಅವನು ಏನಂದ ಗೊತ್ತೇ? "ಸರಿಯಾಗೇ ಇರುತ್ತೆ ಅಣ್ಣ, ಅಂಗಡೀಲಿ ಅಕ್ಕ ನನ್ನ ಮೈಗೇ ಹಿಡಿದು ನೋಡಿದ್ರು."

ಬಾಯ್ತುಂಬ ಅಕ್ಕ ಅಂತಾನೆ, ಒಪ್ಪಿದೆ. ಆದರೂ ಅವನು ಅತ್ತ ಹೋದದ್ದೇ ತಡ, ಆ ಅಂಗಿಯನ್ನು ಹೊಲಕ್ಕೆ ಒಯ್ದು ಬೆದರುಬೊಂಬೆಗೆ ತೊಡಿಸಿಬಿಟ್ಟೆ. ಅಲ್ಲಿ ಕಾಯುವುದಕ್ಕಾದರೂ ಏನಿದೆ? ಟೊಮೆಟೊ ಕೇಳುವವರಿಲ್ಲ, ಕಿತ್ತರೆ ಕೂಲಿಯೂ ಹುಟ್ಟುವುದಿಲ್ಲ; ಗಿಡದಲ್ಲೇ ಕೊಳೆಯಲು ಬಿಟ್ಟಿದ್ದೇನೆ. ಅಮ್ಮ ಬದುವಿನ ಮೇಲಿಂದಲೇ ಕೂಗಿದಳು: "ಅವಳು ಬಿಸಿಲಲ್ಲಿ ಬೆಂದು ದುಡಿದು ಕಳಿಸಿದ್ದು ಕಣೋ ಅದು! ಯಾರ ಮೇಲಿನ ಸಿಟ್ಟನ್ನ ಯಾವುದರ ಮೇಲೆ ತೀರಿಸ್ಕೋತೀಯ?" ಬಿಚ್ಚಿ ತಂದು ನಾನೇ ಒಗೆದೆ. ಒಗೆಯುವಾಗ ಹೊಳೆಯಿತು, ನನ್ನ ಹೊಟ್ಟೆಕಿಚ್ಚು ಬರೀ ಅವನ ಮೇಲಲ್ಲ. ನಿನ್ನ ಜೊತೆ ಬುತ್ತಿ ಬಿಚ್ಚಿ ಕೂರುವವರ ಮೇಲೆ, ನಿನ್ನಿಂದ ಬೈಸಿಕೊಳ್ಳುವವರ ಮೇಲೆ. ನಿಜ ಹೇಳಲೇ, ನಿನ್ನ ಮೇಲೂ. ನಾನು ಬೆಳೆದದ್ದು ಮಣ್ಣುಪಾಲಾಗುತ್ತಿರುವಾಗ ನೀನು ಅಷ್ಟು ಜನಕ್ಕೆ ಕೆಲಸ ಹೇಳುತ್ತಿದ್ದೀಯಲ್ಲ, ಅದಕ್ಕೆ.

ಅಮ್ಮ ನಿನಗೆ ಒಳ್ಳೆಯದಾಗಲಿ ಎಂದು ಬರೆಯಲು ಹೇಳಿದ್ದಾಳೆ. ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೋ.

ಇಂತಿ ನಿನ್ನ,
ಮುಂಗೋಪಿ ಗಂಡ

ತಾ.ಕ.: ಹೊಲವನ್ನು ಪಕ್ಕದವನಿಗೆ ಪಾಲಿಗೆ ಕೊಟ್ಟೆ. ಅಮ್ಮ ನನ್ನಕ್ಕನ ಮನೆಯಲ್ಲಿರಲು ಒಪ್ಪಿದ್ದಾಳೆ. ಗುರುವಾರದ ಲಾರಿಯಲ್ಲಿ ನಾನೂ ಬರುತ್ತಿದ್ದೇನೆ. ನಿನ್ನ ಗುಂಪಿನಲ್ಲಿ ಬುಟ್ಟಿ ಹೊರುವ ಕೆಲಸವಾದರೂ ಕೊಡು. ತಪ್ಪು ಮಾಡಿದರೆ ಬೇರೆಯವರನ್ನು ಗದರಿಸುವಷ್ಟೇ ನನ್ನನ್ನೂ ಗದರಿಸು. ಒಂದು ಮಾತು ಕಡಿಮೆಯಾದರೂ ಸಹಿಸಲಾರೆ.