ನೀನು ಅಂದ ಜವಾರಿ

ಸಂಶಿ
ತಾ. ೧೮-೨-೧೯೭೪, ಸೋಮವಾರ

ಚಿ. ಸೌ. ಸಾವಿತ್ರೆವ್ವನಿಗೆ ನಿನ್ನ ಮಾವ ಈರಬಸಪ್ಪನ ಆಶೀರ್ವಾದ. ಸಿಟ್ಟಿನಲ್ಲಿ ಹರಿದು ಒಲೆಗೆ ಹಾಕುವ ಮೊದಲು ಕೊನೆಯ ತನಕ ಓದು.

ನೀನು ಆರಾಮ ಇದ್ದೀಯಾ? ಕೂಸಿನ ಕೆಮ್ಮು ಹೋಯಿತೇ? ಶಲವಡಿಯ ನೀರು ಅದಕ್ಕೆ ಒಗ್ಗುವುದಿಲ್ಲ ಎಂದು ನಿನ್ನ ಅತ್ತೆ ಗುರವ್ವ ದಿನಾ ಗೊಣಗುತ್ತಾಳೆ. ನೀರಿಗೇನು ಧಾಡಿ, ನೀನೂ ಅದನ್ನೇ ಕುಡಿದು ಬೆಳೆದವಳು. ಮೊಮ್ಮಗಳಿಲ್ಲದೆ ಆಕೆಗೆ ಮನೆಯಲ್ಲಿ ಹೊತ್ತು ಹೋಗುವುದಿಲ್ಲ, ಅಷ್ಟೇ. ಪಡಸಾಲೆಯಲ್ಲಿ ಇಲಿ ಸೇರಿವೆ ಎಂದು ಮೂಲೆಗೊಂದು ಬೋನು ಇಟ್ಟಿದ್ದಾಳೆ. ಹೊಸ ತಂಬೂರಿಯ ದಂಡಿಗೆಯ ತುದಿಯನ್ನು ಕಡಿದಿವೆಯಂತೆ. ಇಲ್ಲಿಯವರೆಗೆ ಒಂದೂ ಬಿದ್ದಿಲ್ಲ.

ಆ ತಂಬೂರಿ ಮಥುರಾಬಾಯಿಯವರದು. ನವಲಗುಂದದಲ್ಲಿ ಹಾಡು ಕಲಿಸುವ ಬಾಯಿ, ನೀನು ಹೋಗುವ ಹಿಂದಿನ ದಿನ ನಮ್ಮಲ್ಲಿಗೆ ಬಂದಿದ್ದರಲ್ಲ, ಅವರದು. ಬುರುಡೆಗೆ ಪಂಢರಪುರದ ಕುಂಬಳ, ದಂಡಿಗೆಗೆ ಎಂಟು ವರ್ಷ ಒಣಗಿದ ಸಾಗವಾನಿ, ಕಣ್ಣಿಗೆ ಅಗದಿ ಚೆಂದ. ಆದರೆ ದನಿ ಇಲ್ಲ. ತಂತಿ ಮೀಟಿದರೆ ಹಗ್ಗ ಬಡಿದ ಹಾಗೆ ಎನ್ನುತ್ತಾನೆ ನಿನ್ನ ಗಂಡ ಕುಬೇರಪ್ಪ. ತಂತಿಗಳ ಕೆಳಗಿನ ಕುದುರೆಯನ್ನು ನೀನು ಹೋದ ಮೇಲೆ ಮೂರು ಸಲ ಹೊಸದಾಗಿ ಕೂರಿಸಿ ತಿಕ್ಕಿದೆ. ಮೂರೂ ಹಾಳಾದವು. ಒಂದು ಕೂದಲೆಳೆ ಹೆಚ್ಚು ತಿಕ್ಕಿದರೆ ಮುಗಿಯಿತು, ತಿಕ್ಕಿದ್ದನ್ನು ಮರಳಿ ಅಂಟಿಸಲು ಬರುವುದಿಲ್ಲ. ಕುದುರೆಗೆಂದು ನಮ್ಮಪ್ಪ ಇಟ್ಟು ಹೋದ ಕೊಂಬಿನ ತುಂಡುಗಳಲ್ಲಿ ಇನ್ನು ಒಂದೇ ಉಳಿದಿದೆ. ಬರುವ ಸೋಮವಾರ ಬಾಯಿ ಬರುತ್ತಾರೆ. ಅಂದು ಇದು ಹಾಡದಿದ್ದರೆ ಉಳಿ, ಅರ, ಗರಗಸ ಎಲ್ಲ ಗೋಣಿಚೀಲಕ್ಕೆ ಹಾಕಿ ಅಟ್ಟಕ್ಕೇರಿಸುತ್ತೇನೆ. ಕುಬೇರಪ್ಪನ ಕೈ ಚಲೋ, ಆದರೆ ದನಿಯ ಮಾತು ಅವನಿಗೆ ತಿಳಿಯುವುದಿಲ್ಲ, ಅವನಾದರೂ ಏನು ಮಾಡಿಯಾನು.

ನೀನು ಬಂದ ಮೇಲಿನ ಐದು ವರ್ಷ ನೆನಪಾಗುತ್ತದೆ. ಬಾಗಿಲಲ್ಲಿ ಜೋಳ ಹಸನು ಮಾಡುತ್ತ, ತಲೆ ಎತ್ತದೆ, "ಇನ್ನೊಂದೀಟ ತಿಕ್ಕರಿ ಮಾವಾರ" ಅನ್ನುತ್ತಿದ್ದೆ. ಆಮೇಲೆ "ಸಾಕ್ರಿ, ಹಾಡಾಕತ್ತು" ಅನ್ನುತ್ತಿದ್ದೆ. ನಾನು ನಿಲ್ಲಿಸುತ್ತಿದ್ದೆ. ಊರೆಲ್ಲ ಈರಬಸಪ್ಪನ ಕೈ ಅಂದರೆ ಕೈ ಎಂದು ಹೊಗಳುವಾಗ ಸುಮ್ಮನೆ ಮೀಸೆ ತಿರುವಿದೆ, ನಿನ್ನ ಹೆಸರು ಒಮ್ಮೆಯೂ ಹೇಳಲಿಲ್ಲ. ಥೂ, ನನ್ನ ಬಾಳಿಗಿಷ್ಟು.

ಆ ದಿನದ ಮಾತಿಗೆ ಬರುತ್ತೇನೆ. ನೀನು ಬಾಯಿಯವರ ಎದುರಿಗೆ ಏನೋ ಅಂದೆ, ಅವರು ನಕ್ಕರು. ಹೊರಗೆ ಬೀದಿಯಲ್ಲಿ ಹತ್ತಿಯ ಗಾಡಿಗಳು ಸಾಲಾಗಿ ಹೋಗುತ್ತಿದ್ದವು, ಆ ಗದ್ದಲದಲ್ಲಿ ನನ್ನ ಕಿವಿಗೆ ಬಿದ್ದದ್ದು "ಜವಾರಿ" ಎಂಬ ಒಂದೇ ಮಾತು. ಜವಾರಿ ಮಂದಿ, ಹಳ್ಳಿಗೊಡ್ಡು, ಇವರಿಗೇನು ತಿಳಿಯುತ್ತದೆ, ಎಂದು ಸೊಸೆ ನನ್ನನ್ನು ಆಡಿಕೊಂಡಳು ಅಂದುಕೊಂಡೆ. ಮೈಯೆಲ್ಲ ಉರಿಯಿತು. "ನನ್ನ ಅನ್ನಾ ಉಂಡು ನನಗ ಜವಾರಿ ಅಂತೀ? ನಡಿ, ನಿಮ್ಮಪ್ಪನ ಮನ್ಯಾಗ ಇರು ಹೋಗು" ಅಂದುಬಿಟ್ಟೆ. ನೀನು ಬನದ ಹುಣ್ಣಿಮೆಯ ಮರುದಿನ ಮೊದಲ ಬಸ್ಸಿಗೆ ಕೂಸನ್ನು ಎತ್ತಿಕೊಂಡು ಹೋದೆ.

ಮೊನ್ನೆ ಕುಬೇರಪ್ಪ ಸಿಟ್ಟಿನಿಂದ ಮುಖದ ಹತ್ತಿರ ಬಂದು ಒದರಿದ: "ಅಪ್ಪಾ, ಆಕಿ ಅಂದದ್ದು ಜವಾರಿ ಇನ್ನೂ ಬಿಚ್ಚಿಲ್ಲರೀ ಅಂತ!" ಕುದುರೆಯ ಮೈ ತಿಕ್ಕಿ ದನಿ ಬಿಚ್ಚುವುದಕ್ಕೇ ಜವಾರಿ ಅನ್ನುತ್ತೇವೆ. ನಲವತ್ತು ವರ್ಷ ಅದನ್ನೇ ಮಾಡಿ ಉಂಡವನು ನಾನು. ಸೊಸೆ ಕೆಲಸದ ಮಾತು ಆಡಿದರೆ ಬೈಗುಳ ಎಂದು ತಿಳಿದೆ. ಬಾಯಿ ನಕ್ಕದ್ದು ನಿನ್ನ ಜಾಣತನಕ್ಕಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಿನಗೆ ಬುದ್ಧಿ ಹೇಳಬೇಕಾದ ವಯಸ್ಸು ನನ್ನದು. ನನ್ನದು ತಪ್ಪಾಯಿತು ಮಗಳೇ, ಬಾ.

ಕುಬೇರಪ್ಪ ಎರಡು ಸಲ ಕರೆಯಲು ಬಂದಾಗ "ಬೈದವರ ಬಂದು ಕರೀಲಿ" ಅಂದೆಯಂತೆ. ನ್ಯಾಯವಾಗಿಯೇ ಇದೆ. ಬರಲು ಮೈಯಲ್ಲಿ ನೆಟ್ಟಗಿಲ್ಲ, ಅದಕ್ಕೇ ಈ ಕಾಗದ. ನಿನ್ನ ತಂದೆ ತಾಯಿಗೆ ಶರಣು ತಿಳಿಸು. ಕೂಸಿನ ಗಲ್ಲಕ್ಕೆ ಅಜ್ಜನ ಮುತ್ತು ಕೊಡು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಮಾವ,
ಈರಬಸಪ್ಪ

ತಾ. ಕ.: ಟಪಾಲಿನ ಹೊಳೆಯಪ್ಪ ಬಾಗಿಲಲ್ಲಿ ನಿಂತು ಬಾಯಿ ಆಡಿಸುತ್ತಿದ್ದಾನೆ, ಬೇಗ ಕೊಡು ಅನ್ನುತ್ತಿರಬೇಕು. ಮೇಲೆ ಸುಳ್ಳು ಬರೆದೆ. ದಂಡಿಗೆ ಕಡಿದದ್ದು ಇಲಿಯಲ್ಲ, ನಾನು. ಹಲ್ಲಿನಲ್ಲಿ ಕಚ್ಚಿ ಹಿಡಿದರೆ ದನಿ ಸ್ವಲ್ಪ ತಲೆಗೆ ಬರುತ್ತಿತ್ತು, ಈಗ ಅದೂ ನಿಂತಿತು. ನಿಮ್ಮ ಮನೆಗೆ ಬಂದರೆ ನಿಮ್ಮಪ್ಪ ಏನು ಕೇಳಿದರೆಂದು ತಿಳಿಯದೆ ಎಲ್ಲಕ್ಕೂ ಹೂಂ ಅಂದೇನು ಎಂಬ ಅಂಜಿಕೆ. ಕಿವಿಯ ಸಂಗತಿ ಗುರವ್ವನಿಗೂ ಹೇಳಿಲ್ಲ. ನೀನು ಬಂದು ಬಾಗಿಲಲ್ಲಿ ಕುಳಿತು ಸಾಕು ಅನ್ನಿಸಿದಾಗ ಕೈ ಎತ್ತು, ನಾನು ನಿನ್ನ ಕೈಯನ್ನೇ ನೋಡುತ್ತ ತಿಕ್ಕುತ್ತೇನೆ. ಬರುವುದಿಲ್ಲ ಎಂದಾದರೂ ಬರೆದು ಕಳಿಸು, ಯಾರ ಕೈಲೂ ಬಾಯಿಮಾತು ಹೇಳಿ ಕಳಿಸಬೇಡ. ಅವತ್ತು ಬೀದಿಯಲ್ಲಿ ಒಂದು ಗಾಡಿಯೂ ಇರಲಿಲ್ಲ, ಸಾವಿತ್ರೆವ್ವಾ.