ರಾಚಪ್ಪಜ್ಜನ ಪೆಟ್ಟಿಗೆಗೆ ಹೊಸ ಬೋರ್ಡು

ಗುಳೇದಗುಡ್ಡ
ಶಾಲಿವಾಹನ ಶಕ ೨೧೧೯, ಹದಿಮೂರನೆಯ ತಿಂಗಳು, ಖಾಲಿ ದಿನ

ಪೂಜ್ಯ ರಾಚಪ್ಪಜ್ಜನವರ ಪಾದಗಳಿಗೆ ನಿಮ್ಮ ಏಳನೆಯ ತಲೆಮಾರಿನ ಮೊಮ್ಮಗಳು ಸಾವಂತ್ರಿಯ ಶರಣುಗಳು.

ಮೇಲಿನ ತಾರೀಖು ನೋಡಿ ಕನ್ನಡಕ ಒರೆಸಿಕೊಳ್ಳಬೇಡಿ. ಅದು ಅಧಿಕ ಮಾಸವೂ ಅಲ್ಲ, ನನ್ನ ತಪ್ಪೂ ಅಲ್ಲ. ನಮ್ಮ ಹೊಸ ಪಂಚಾಂಗದಲ್ಲಿ ಲೆಕ್ಕಕ್ಕೆ ಸಿಗದೆ ಉಳಿದ ಒಂದು ದಿನವನ್ನು ವರ್ಷದ ಕೊನೆಗೆ ಒಂಟಿಯಾಗಿ ಕೂರಿಸಿದ್ದಾರೆ. ಅದಕ್ಕೆ ವಾರವಿಲ್ಲ, ತಿಥಿಯಿಲ್ಲ. ಆ ದಿನ ಯಾರೂ ಕೆಲಸ ಮಾಡುವಂತಿಲ್ಲ, ಜಗಳ ಆಡುವಂತಿಲ್ಲ. ಜಗಳ ಆಡುವಂತಿಲ್ಲದ ಕಾರಣಕ್ಕೇ ನಾನು ಈ ಪತ್ರ ಬರೆಯಲು ಕುಳಿತಿದ್ದೇನೆ. ನಡುನಡುವೆ ನಿಮಗೆ ತಿಳಿಯದ ಮಾತುಗಳು ಬಂದರೆ ಕ್ಷಮಿಸಬೇಕು. ಕೆಲವನ್ನು ಬಿಡಿಸಿ ಹೇಳುತ್ತೇನೆ. ಉಳಿದವು ಬರೀ ಸಿಟ್ಟಿನ ಮಾತು, ಅವು ನಿಮ್ಮ ಕಾಲದಲ್ಲೂ ಹೀಗೇ ಇದ್ದಿರಬೇಕು.

ನೀವು ಈಗ, ಅಂದರೆ ನಿಮ್ಮ ಈಗಿನಲ್ಲಿ, ಹಳೆಯ ಕಂಪ್ಯೂಟರನ್ನು ಕಡಿಮೆ ಖರ್ಚಿನಲ್ಲಿ ಹೇಗೆ ಸುಧಾರಿಸುವುದೆಂದು ತಲೆ ಕೆಡಿಸಿಕೊಂಡು ಕುಳಿತಿದ್ದೀರಿ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹುಬ್ಬಳ್ಳಿಯ ಅಂಗಡಿಯವನ ತಲೆ ತಿಂದು, ರ‍್ಯಾಮ್ ಹಾಕಿದರೆ ಸಾಕೋ, ಡಿಸ್ಕ್ ಬದಲಿಸಬೇಕೋ, ಇಡೀ ಬೋರ್ಡೇ ಹೊಸದು ಬೇಕೋ ಎಂದು ಕೇಳಿ ಕೇಳಿ, ಏನೂ ಕೊಳ್ಳದೆ ಬಸ್ಸು ಹತ್ತಿ ವಾಪಸ್ ಬಂದಿರಂತೆ. ಆ ಕಥೆ ಹೇಳಿ ಇವತ್ತಿಗೂ ನಗುತ್ತಾರೆ. ಮೊದಲು ನಾನೂ ನಗುತ್ತಿದ್ದೆ. ಈ ವರ್ಷ ಅದೇ ಕೆಲಸ ನನ್ನ ಕೊರಳಿಗೆ ಬಿದ್ದ ಮೇಲೆ ನಿಮ್ಮ ಕಷ್ಟ ಅರ್ಥವಾಯಿತು.

ನಿಮ್ಮ ಕಂಪ್ಯೂಟರು ಇನ್ನೂ ಇದೆ ಅಜ್ಜಾ. ನಿಮ್ಮದೆಂದು ಉಳಿದಿರುವುದು ಹೊರಗಿನ ಉಕ್ಕಿನ ಪೆಟ್ಟಿಗೆ ಮಾತ್ರ. ಒಳಗಿನ ಸಾಮಾನು ತಲೆಮಾರಿಗೊಮ್ಮೆ ಬದಲಾಗಿದೆ. ಆದರೂ ಓಣಿಯ ಬಾಯಲ್ಲಿ ಅದು ರಾಚಪ್ಪಜ್ಜನ ಕಂಪ್ಯೂಟರೇ. ನೀವು ಮಾಡುತ್ತಿದ್ದ ಕೆಲಸವನ್ನೇ ಅದು ಮಾಡುತ್ತದೆ. ಕುಪ್ಪಸದ ಖಣದ ನಕ್ಷೆಯನ್ನು ಅದರಲ್ಲಿ ಬರೆಯುತ್ತೇವೆ. ಹಿಂಭಾಗದ ಅಗಲ ಸಾಕೆಟ್ಟಿನಿಂದ, ನಿಮ್ಮ ಕಾಲಕ್ಕೇ ಹಳೆಯ ಪ್ರಿಂಟರಿನದು ಎನಿಸಿಕೊಂಡಿದ್ದ ಅದೇ ಸಾಕೆಟ್ಟಿನಿಂದ, ನಕ್ಷೆ ತೂತಿನ ಯಂತ್ರಕ್ಕೆ ಹೋಗುತ್ತದೆ. ಆ ಯಂತ್ರ ರಟ್ಟುಗಳಿಗೆ ತೂತು ಹೊಡೆಯುತ್ತದೆ. ರಟ್ಟುಗಳನ್ನು ಮಗ್ಗಕ್ಕೆ ಏರಿಸಿದರೆ ಯಾವ ನೂಲು ಏಳಬೇಕು, ಯಾವುದು ಮಲಗಬೇಕು ಎಂದು ಮಗ್ಗಕ್ಕೆ ತಿಳಿಯುತ್ತದೆ. ಮಗ್ಗ ಮಾತ್ರ ಕೈಯದೇ. ಈಗ ವಿದ್ಯುತ್ತು ಸರದಿಯ ಮೇಲೆ ಬರುತ್ತದೆ, ಓಣಿಗೊಂದು ಹೊತ್ತು. ಬೆಳಗಿನ ತಂಪಿನಲ್ಲಿ ನೇಯ್ದು, ಬಿಸಿಲೇರಿದೊಡನೆ ನಡುಹಗಲು ಬೀಗ ಹಾಕುತ್ತೇವೆ. ಹಾಗೆಂದರೆ ಊರಿಗೆ ಊರೇ ಬಾಗಿಲು ಮುಚ್ಚಿ, ಒದ್ದೆ ಗೋಣಿ ಇಳಿಬಿಟ್ಟು ಮಲಗುವ ಹೊತ್ತು. ಮಲಪ್ರಭೆಯ ಕಾಲುವೆ ಆವಿಯಾಗದಿರಲೆಂದು ಅದರ ಮೇಲೆ ಉದ್ದಕ್ಕೂ ಚಾವಣಿ ಹಾಕಿದ್ದಾರೆ; ಸಂಜೆ ಆ ಚಾವಣಿಯ ಮೇಲೆ ಹೆಂಗಸರು ಹಪ್ಪಳ ತೆಗೆಯುತ್ತ ಮಾತಿಗೆ ನಿಲ್ಲುತ್ತಾರೆ. ಜೋಳದ ರೊಟ್ಟಿ ಇದೆ, ಚಟ್ನಿ ಇದೆ. ಆ ವಿಷಯದಲ್ಲಿ ನೀವು ಚಿಂತೆ ಮಾಡಬೇಡಿ.

ಚಿಂತೆ ಇರುವುದು ಬಾಡಿಗೆಬುದ್ಧಿಯದು. ಎಲ್ಲೋ ದೂರದಲ್ಲಿ ಇರುವ ದೊಡ್ಡ ಯಂತ್ರಗಳ ಬುದ್ಧಿಯನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಊರೆಲ್ಲ ಅದನ್ನೇ ಬಳಸುತ್ತದೆ. ಆದರೆ ಅದರ ಮೇಲೆ ಬರೆದ ನಕ್ಷೆ ಅದರದೇ ಆಗುತ್ತದೆ. ಪಕ್ಕದ ಓಣಿಯವರು ತಮ್ಮ ಆನೆಹೆಜ್ಜೆಯ ನಕ್ಷೆಯನ್ನು ಅಲ್ಲಿಟ್ಟರು. ಈಗ ತಮ್ಮದೇ ಆನೆಹೆಜ್ಜೆ ನೇಯಲು ಅಪ್ಪಣೆ ಕೇಳುತ್ತಾರೆ. ಸ್ವಂತ ಯಂತ್ರ ಇಟ್ಟುಕೊಳ್ಳುವ ಹಕ್ಕು ಉಳಿದಿರುವುದು ಈ ಊರಲ್ಲಿ ನಮ್ಮ ಓಣಿಯೊಂದಕ್ಕೇ. ಆ ಹಕ್ಕಿಗೆ ವರ್ಷಕ್ಕೊಮ್ಮೆ ಪರೀಕ್ಷೆ. ಪರೀಕ್ಷಕರ ಕಣ್ಣೆದುರು ನಮ್ಮ ಕಂಪ್ಯೂಟರು ಒಂದು ನಕ್ಷೆಯನ್ನು ಮೊದಲಿನಿಂದ ಕೊನೆಯವರೆಗೆ ರಟ್ಟಿಗೆ ಇಳಿಸಬೇಕು. ನಿಂತುಹೋದರೆ ಹಕ್ಕು ರದ್ದು. ಓಣಿಯ ನಕ್ಷೆಗಳೆಲ್ಲ ಬಾಡಿಗೆಬುದ್ಧಿಯ ಪಾಲು. ಅದರಲ್ಲಿ ನಾನು ಮದುವೆಗೆ ಮುಂಚೆ ಶುರುಮಾಡಿ ಮೊನ್ನೆಯಷ್ಟೇ ಮುಗಿಸಿದ ಬೇವಿನ ಹೂವಿನ ನಕ್ಷೆಯೂ ಇದೆ. ಅದನ್ನು ಇನ್ನೂ ಯಾರೂ ಒಂದು ಗೇಣು ಸಹ ನೇಯ್ದಿಲ್ಲ. ಪರೀಕ್ಷೆ ನಾಳೆ.

ಈ ವರ್ಷ ಬೇಸಿಗೆಯಿಂದಲೇ ಕಂಪ್ಯೂಟರು ಮುನಿಯಲು ಶುರುಮಾಡಿತು. ನಕ್ಷೆ ಅರ್ಧ ಆಗುವಷ್ಟರಲ್ಲಿ ಬಿಸಿಯಾಗಿ ತಾನಾಗಿ ಆರಿಹೋಗುತ್ತಿತ್ತು. ವಯಸ್ಸಾಯಿತು, ಏನಾದರೂ ಬದಲಿಸಬೇಕು ಎಂದು ಎಲ್ಲರೂ ಒಪ್ಪಿದರು. ಏನನ್ನು ಬದಲಿಸಬೇಕು ಎಂಬಲ್ಲಿ ಒಪ್ಪಲಿಲ್ಲ. ನಮ್ಮಲ್ಲಿ ಬಜೆಟ್ ಎಂದರೆ ಹಣವಲ್ಲ, ತೂಕ. ಭೂಮಿಯಿಂದ ಅಗೆದು ತೆಗೆದ ಲೋಹ ಮುಗಿಯುತ್ತ ಬಂದಿದೆಯಾದ್ದರಿಂದ ಪ್ರತಿ ಓಣಿಗೂ ವರ್ಷಕ್ಕೆ ಇಷ್ಟು ತೂಕದ ಯಂತ್ರಸಾಮಾನು ಎಂದು ಗೊತ್ತುಮಾಡಿದ್ದಾರೆ. ಅದಕ್ಕೆ ತೂಕಪಾಲು ಎನ್ನುತ್ತೇವೆ. ತಿರುಗುಮನೆ ಎಂಬ ಸರ್ಕಾರಿ ಮಳಿಗೆಗೆ ಹಳೆಯ ಸಾಮಾನು ಹೊತ್ತು ಹಾಕಿದರೆ ಅದನ್ನು ಪಾಲಿಗೆ ಸೇರಿಸಿ, ಅಷ್ಟಕ್ಕೆ ಸರಿಯಾಗಿ ಬೇರೆಯದು ಕೊಡುತ್ತಾರೆ. ನಾವು ಹಾಕಿದ್ದನ್ನು ಅವತ್ತೇ ಕರಗಿಸುತ್ತಾರೆ. ವಾಪಸ್ ಕೇಳುವ ಮಾತೇ ಇಲ್ಲ.

ನನ್ನ ಲೆಕ್ಕ ಸರಳವಾಗಿತ್ತು. ಮೆಮೊರಿ ಹಗುರ, ಡಿಸ್ಕ್ ಹಗುರ, ಗಾಳಿಯ ಫ್ಯಾನು ಹಗುರ. ಮೊದಲು ಇವನ್ನು ತರೋಣ, ಬಿಸಿ ಯಾಕಾಗುತ್ತದೆಂದು ನೋಡೋಣ, ಬೋರ್ಡಿಗೆ ಕೈ ಹಚ್ಚುವುದು ಬೇಡ ಎಂದೆ. ಓಣಿಯ ಹಿರಿಯರಾದ ಗುರುಸಿದ್ಧ ಕಾಕಾ ಒಪ್ಪಬೇಕಲ್ಲ. ನನ್ನ ಅಪ್ಪನ ತಮ್ಮ ಅವರು. ಸಭೆಯಲ್ಲಿ ಕೊನೆಯ ಮಾತು ಅವರದು, ಮೊದಲನೆಯದೂ ಅವರದೇ.

"ಅಲ್ಲಬೇ ಸಾವಂತ್ರಿ, ಮುದುಕಗ ಹೊಸಾ ಪಟಗಾ ಸುತ್ತಿದ್ರ ಪ್ರಾಯ ಬರ್ತೈತೇನು? ಮಿದುಳನ ಬದಲಿ ಮಾಡ್ಬೇಕು. ಪ್ರೊಸೆಸರ್ ತರೂನು, ಹತ್ತು ವರ್ಷ ಚಿಂತಿ ಇಲ್ಲ" ಎಂದರು. ಸಭೆ ತಲೆದೂಗಿತು. ನಮ್ಮ ಸಭೆಗೆ ತಲೆ ಇರುವುದೇ ತೂಗುವುದಕ್ಕೆ.

ಹೋಗಲಿ, ಪ್ರೊಸೆಸರ್ ಒಂದೇ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಹೊಸ ಪ್ರೊಸೆಸರ್ ಹಳೆಯ ಬೋರ್ಡಿನಲ್ಲಿ ಕೂಡಲಿಲ್ಲ, ಬೋರ್ಡು ಬೇಕಾಯಿತು. ಹೊಸ ಬೋರ್ಡಿಗೆ ಹಳೆಯ ಮೆಮೊರಿ ಹೊಂದಲಿಲ್ಲ, ಮೆಮೊರಿ ಬೇಕಾಯಿತು. ಇಷ್ಟಾಗುವಾಗ ತೂಕಪಾಲು ಮುಗಿದು ಮೈನಸ್ಸಿಗೆ ಇಳಿಯಿತು. ಅದನ್ನು ಸರಿದೂಗಿಸಲು ಕಾಕಾ ಹಳೆಯ ಬೋರ್ಡು, ಹಳೆಯ ಪ್ರೊಸೆಸರ್, ಹಳೆಯ ಮೆಮೊರಿ ಎಲ್ಲವನ್ನೂ ಗಂಟು ಕಟ್ಟಿ ತಿರುಗುಮನೆಗೆ ಹಾಕಿ ಬಂದರು. ಹೋಗುವಾಗ ಬಾಗಿಲವರೆಗೆ ಹಿಂದೆ ಹೋಗಿ ಹೇಳಿದ್ದೆ, ಕಾಕಾ, ಹೊಸ ಬೋರ್ಡಿನ ಹಿಂದೆ ಅಗಲ ಸಾಕೆಟ್ಟು ಇದೆಯೋ ನೋಡಿ ತನ್ನಿ ಎಂದು. ಅವರು ಬೆನ್ನು ತಿರುಗಿಸಿಯೇ ಕೈ ಎತ್ತಿದರು. ಆ ಕೈಯ ಅರ್ಥ ಆಯಿತು ಎಂದೋ, ಸಾಕು ಬಿಡು ಎಂದೋ ನನಗೆ ಆಗ ತಿಳಿಯಲಿಲ್ಲ.

ಹೊಸ ಸಾಮಾನು ಕೂರಿಸಿ ಕಂಪ್ಯೂಟರು ಹಚ್ಚಿದೆವು. ಓಣಿಯೆಲ್ಲ ಸೇರಿತ್ತು. ನಕ್ಷೆ ಅರ್ಧ ಆಗುವಷ್ಟರಲ್ಲಿ ಬಿಸಿಯಾಗಿ ತಾನಾಗಿ ಆರಿಹೋಯಿತು.

ಆಗ ನನಗೆ ಸಿಟ್ಟು ಬಂದದ್ದು ಯಾಕೆಂದರೆ, ಮಿದುಳು ಬದಲಾಯಿತು, ಬೋರ್ಡು ಬದಲಾಯಿತು, ಮತ್ತೆ ಅದೇ ರೋಗವೆಂದರೆ ರೋಗ ಅಲ್ಲಿರಲಿಲ್ಲ ಎಂದು ಅಲ್ಲಿ ನಿಂತ ಒಬ್ಬರಿಗೂ ಹೊಳೆಯಲಿಲ್ಲ. ಎಲ್ಲರೂ ಕಂಪ್ಯೂಟರಿನ ಹಣೆಬರಹದ ಬಗ್ಗೆ ಮಾತಾಡುತ್ತಿದ್ದರು. ನಾನು ಪೆಟ್ಟಿಗೆಯ ಹಿಂದೆ ಹೋಗಿ ಗಾಳಿಯ ಜಾಲರಿಗೆ ಕೈ ಹಿಡಿದೆ. ಗಾಳಿ ಬರುತ್ತಿರಲಿಲ್ಲ.

ಇಲ್ಲಿ ನಿಮ್ಮದೇ ಒಂದು ವಿಷಯ ಹೇಳಬೇಕು ಅಜ್ಜಾ, ಮರ್ಯಾದೆ ಇಟ್ಟುಕೊಂಡೇ ಹೇಳುತ್ತೇನೆ. ಆಯುಧ ಪೂಜೆಯಲ್ಲಿ ಕಂಪ್ಯೂಟರಿಗೆ ಕುಂಕುಮ ಹಚ್ಚುವುದನ್ನು ಈ ಮನೆಯಲ್ಲಿ ಶುರುಮಾಡಿದವರು ನೀವಂತೆ. ಹಚ್ಚಿ, ಯಾರು ಬೇಡವೆಂದರು? ಆದರೆ ಯಂತ್ರ ಉಸಿರಾಡುವ ಜಾಗದಲ್ಲೇ ಹಚ್ಚಬೇಕು, ಹಚ್ಚಿದ್ದನ್ನು ಒರೆಸಬಾರದು, ಮುಂದಿನ ವರ್ಷ ಅದರ ಮೇಲೆಯೇ ಹಚ್ಚಬೇಕು ಎಂದು ಯಾರು ಯಾವ ತಲೆಮಾರಿನಲ್ಲಿ ಸೇರಿಸಿದರೋ. ವಿಭೂತಿ, ಅರಿಷಿಣ, ಕುಂಕುಮ, ಎಣ್ಣೆ. ಮೇಲೊಂದು ಖಣ ಹೊದಿಸಿ ಉಡಿ ತುಂಬುವುದು ಬೇರೆ. ಒಳಗಿನ ಫ್ಯಾನು ಎಷ್ಟೋ ಸಲ ಬದಲಾಗಿದೆ. ಜಾಲರಿ ನಿಮ್ಮ ಪೆಟ್ಟಿಗೆಯದಾದ್ದರಿಂದ ಅದನ್ನು ಮುಟ್ಟಿದವರಿಲ್ಲ. ನಾನು ಖಣ ಸರಿಸಿ ಈಳಿಗೆಯ ತುದಿಯಿಂದ ಕೆರೆದೆ. ಕೆಂಪು ಹೆಂಟೆ ಬಿತ್ತು, ರೊಟ್ಟಿಯಷ್ಟು ಅಗಲ, ಹೋಳಿಗೆಗಿಂತ ದಪ್ಪ.

ಪೂಜೆ ಮಾಡುವ ಅಂಬವ್ವತ್ತೆ, ಕಾಕಾನ ಅಕ್ಕ, ಓಡಿ ಬಂದು ಆ ಹೆಂಟೆಯನ್ನು ಸೆರಗಿನಲ್ಲಿ ಹಿಡಿದು ಕುಳಿತುಬಿಟ್ಟಳು. "ನಮ್ಮವ್ವ ಹಚ್ಚಿದ್ದು ಇದರಾಗೈತಿ, ನಮ್ಮಾಯಿ ಹಚ್ಚಿದ್ದೂ ಐತಿ. ಎಲ್ಲಾರೂ ಕೂಡಿ ಅದರ ಮೂಗು ಮುಚ್ಚಿದ್ವೇನವಾ ಹಂಗಾರ?" ಎಂದು ಅತ್ತಳು. ಬೈಯಲು ಹೋದವಳು ಆಕೆಯ ಪಕ್ಕ ನೆಲದ ಮೇಲೆ ಕುಳಿತು ನಾನೂ ಅತ್ತೆ. ಅರ್ಧ ದುಃಖಕ್ಕೆ, ಅರ್ಧ ಸಿಟ್ಟಿಗೆ.

ಜಾಲರಿ ತೆರೆದ ಮೇಲೆ ಕಂಪ್ಯೂಟರು ತಣ್ಣಗೆ, ಹೂವಿನಂತೆ ಓಡಿತು. ಒಂದು ಈಳಿಗೆಯಿಂದ ಆಗುವ ಕೆಲಸಕ್ಕೆ ಇಡೀ ವರ್ಷದ ಪಾಲು ಸುರಿದಿದ್ದೆವು. ಆದರೂ ಓಣಿ ಚಪ್ಪಾಳೆ ತಟ್ಟಿತು. ಕಾಕಾ ತಮ್ಮ ಪ್ರೊಸೆಸರಿನ ಪ್ರತಾಪ ಹೇಳಿಕೊಂಡರು. ನಾನು ತೂತಿನ ಯಂತ್ರದ ಕೇಬಲ್ ಹಿಡಿದು ಹಿಂದೆ ಹೋದೆ. ಹಾಕಲು ಜಾಗವಿರಲಿಲ್ಲ. ಹೊಸ ಬೋರ್ಡಿನಲ್ಲಿ ಅಗಲ ಸಾಕೆಟ್ಟೇ ಇಲ್ಲ.

"ಎಲ್ಲಾ ಬೋರ್ಡಿಗೂ ಇರ್ತೈತಿ ಅಂತ ತಿಳ್ಕೊಂಡ್ನಿ" ಎಂದರು ಕಾಕಾ, ಕೇಬಲ್ಲನ್ನೇ ನೋಡುತ್ತ. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ. ಮರುದಿನ ಇಬ್ಬರೂ ತಿರುಗುಮನೆಗೆ ಹೋದೆವು. ಹಳೆಯ ಬೋರ್ಡು ಆಗಲೇ ಕರಗಿ ಯಾರದೋ ಊರಿನ ನೀರಿನ ಕೊಳಾಯಿಯಾಗಿತ್ತು. ಸಾಕೆಟ್ಟು ಇರುವ ಒಂದು ಸಣ್ಣ ಕಾರ್ಡು ಕೊಟ್ಟರೂ ಸಾಕು, ಅದನ್ನು ಸಿಕ್ಕಿಸುವ ಸೀಳು ಹೊಸ ಬೋರ್ಡಿನಲ್ಲೂ ಇದೆ ಎಂದು ಬೇಡಿಕೊಂಡೆ. ಗುಮಾಸ್ತ ತಲೆ ಎತ್ತದೆ ಹೇಳಿದ: "ಅಂಥಾವು ನಾ ಕಣ್ಣಿಲೇ ಕಂಡಿಲ್ರಿ. ಇದ್ರೂ ನಿಮ್ ಪಾಲು ಮುಗದೈತಿ. ಮುಂದಿನ ವರ್ಷ ಬರ್ರಿ." ಮುಂದಿನ ವರ್ಷದ ಪಾಲು ಕೈಗೆ ಬರುವಷ್ಟರಲ್ಲಿ ನಮಗೆ ಯಂತ್ರವೇ ಇರುವುದಿಲ್ಲ ಎಂದರೆ, ಅದು ಬೇರೆ ಕಿಟಕಿಯ ವಿಷಯ ಎಂದ.

ಆದ್ದರಿಂದ ಅಜ್ಜಾ, ಬೇಡಿಕೆ ನಿಮ್ಮಲ್ಲಿ. ಹುಬ್ಬಳ್ಳಿಗೆ ಮತ್ತೆ ಹೋಗುತ್ತೀರಲ್ಲ, ನಿಮಗೆ ಬೇಕಾದ ರ‍್ಯಾಮೋ ಡಿಸ್ಕೋ ತೆಗೆದುಕೊಳ್ಳಿ; ಬಿಸಿಯಾದರೆ ಮೊದಲು ಧೂಳು ಹೊಡೆದು ನೋಡಿ, ಆಮೇಲೆ ಅಂಗಡಿಯವನ ಮಾತು ಕೇಳಿ. ಬರುವಾಗ ಅಗಲ ಸಾಕೆಟ್ಟಿನ ಕಾರ್ಡು ಒಂದು ಹೆಚ್ಚಿಗೆ ತನ್ನಿ. ನಿಮ್ಮಲ್ಲಿ ಅದು ಮೂಲೆಯ ಡಬ್ಬದಲ್ಲಿ ಬಿದ್ದಿರುವ, ಕೇಳುವವರಿಲ್ಲದ ಸಾಮಾನು. ಒಂದು ಖಣದ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿ, ಡಿಸ್ಕಿನ ಗೂಡಿನ ಕೆಳಗೆ ಕಟ್ಟಿಡಿ. ಮುಟ್ಟಬಾರದು ಎಂದು ಹೇಳಿಡಿ. ಮುಟ್ಟಬಾರದೆಂದು ಹೇಳಿದ್ದನ್ನು ನಿಮ್ಮ ಸಂತಾನ ಎಷ್ಟು ತಲೆಮಾರು ಬೇಕಾದರೂ ಮುಟ್ಟುವುದಿಲ್ಲ; ಅದಕ್ಕೆ ನಾನು ಜಾಮೀನು.

ಈ ಪತ್ರ ನಿಮಗೆ ಹೇಗೆ ತಲುಪುವುದೋ ತಿಳಿಯದು. ನೀವು ಇದನ್ನು ಓದಿದ್ದರೆ, ಓದಿ ಕಾರ್ಡು ತಂದಿಟ್ಟಿದ್ದರೆ, ಅದು ಈಗಾಗಲೇ ಅಲ್ಲಿರಬೇಕು. ಹಾಗೆಂದುಕೊಂಡು, ಮೇಲಿನ ಸಾಲು ಬರೆದ ಮೇಲೆ ಎದ್ದು ಹೋಗಿ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಗೂಡಿನ ಕೆಳಗೆ ಕೈ ಹಾಕಿದೆ. ಅಂಬವ್ವತ್ತೆ ದೀಪ ಹಿಡಿದಿದ್ದಳು. ಕಾಕಾ ಹೊಸ್ತಿಲಲ್ಲಿ ನಿಂತು, "ಸಿಕ್ತೇನವಾ?" ಎಂದು ಕೇಳಿದರು.

ಇನ್ನೂ ಸಿಕ್ಕಿಲ್ಲ. ಪರೀಕ್ಷಕರು ಬೆಳಿಗ್ಗೆ ತಂಪಿನಲ್ಲಿ ಬರುತ್ತಾರೆ. ತಗಡನ್ನು ವಾಪಸ್ ಮುಚ್ಚಿಲ್ಲ ಅಜ್ಜಾ, ಬೇಗ ತನ್ನಿ.

ನಿಮ್ಮ
ಸಾವಂತ್ರಿ